ಆಶೀರ್ವಾದದ ನಂತರದ ಮಾತು

ಸಮತ್ ಕೆಲಸಕ್ಕೆ ಸೇರಿದ ಮೊದಲ ದಿನವೇ ಮೀರಿಮ್ ಜೊತೆ ಜಗಳವಾಡಿಕೊಂಡ. ಜಗಳಕ್ಕೆ ಕಾರಣ ಐದು ನಕ್ಷತ್ರಗಳು.

ಬಿಷ್ಕೆಕ್‌ನ ಹಳೆಯ ಹೊಲಿಗೆ ಕಾರ್ಖಾನೆಯೊಂದರ ಮೂರನೆಯ ಮಹಡಿಯಲ್ಲಿ ಏಳು ಜನ ಕೂತು ನಡೆಸುತ್ತಿದ್ದ ಸ್ಟಾರ್ಟಪ್ ಅದು. ಹೆಸರು ತುಯಾಕ್, ಅಂದರೆ ಗೊರಸು. ಪಟ್ಟಣದ ಜನ ತಮ್ಮ ಹತ್ತಿಪ್ಪತ್ತು ಕುರಿಗಳನ್ನು ವಸಂತದಲ್ಲಿ ಕುರಿಗಾಹಿಯ ಕೈಗೊಪ್ಪಿಸಿ ಬೆಟ್ಟಕ್ಕೆ ಕಳಿಸುತ್ತಾರೆ. ಆಮೇಲೆ ಸೆಪ್ಟೆಂಬರ್‌ವರೆಗೂ, ಕುರಿ ಮೇಯುತ್ತಿದೆಯೋ ತೋಳದ ಹೊಟ್ಟೆ ಸೇರಿದೆಯೋ ಎಂದು ಅಪಾರ್ಟ್‌ಮೆಂಟಿನಲ್ಲಿ ಕೂತು ಕೊರಗುತ್ತಾರೆ. ತುಯಾಕ್ ಆ್ಯಪ್ ಇದ್ದರೆ ಕುರಿಗಾಹಿ ವಾರಕ್ಕೊಮ್ಮೆ ಮಂದೆಯ ಫೋಟೊ ಕಳಿಸುತ್ತಾನೆ, ಮಾಲೀಕ ನೆಮ್ಮದಿಯಿಂದ ಚಹಾ ಕುಡಿಯುತ್ತಾನೆ. ಆ್ಯಪ್ ಹೇಗಿದೆ ಎಂದು ಕುರಿಗಾಹಿಗಳನ್ನು ಕೇಳಿ, ಬಂದ ಉತ್ತರಗಳಲ್ಲಿ ಜೊಳ್ಳು ತೂರಿ ಕಾಳು ಉಳಿಸಿಕೊಡುವುದು ಮೀರಿಮ್ ಕೆಲಸ. ಆ ಕಾಳು ನೋಡಿ ಆ್ಯಪನ್ನು ತಿದ್ದುವುದು ಸಮತ್ ಕೆಲಸ.

"ನೂರಕ್ಕೆ ತೊಂಬತ್ನಾಲ್ಕು ಜನ ಐದು ನಕ್ಷತ್ರ ಕೊಟ್ಟಿದ್ದಾರೆ. ಇದರಲ್ಲಿ ತಿದ್ದೋದಕ್ಕೆ ಏನಿದೆ, ಎಜೆ?" ಎಂದ ಸಮತ್. ಎಜೆ ಎಂದರೆ ಅಕ್ಕ. ಮೀರಿಮ್ ಅವನಿಗಿಂತ ಎರಡು ವರ್ಷ ದೊಡ್ಡವಳು.

"ಎಲ್ಲಾ ಸುಳ್ಳು," ಎಂದಳು ಅವಳು, ಕಂಪ್ಯೂಟರಿನಿಂದ ತಲೆಯೆತ್ತದೆ.

"ತೊಂಬತ್ನಾಲ್ಕು ಜನಾನೂ ಸುಳ್ಳು ಹೇಳ್ತಾರಾ?"

"ಮರ್ಯಾದಸ್ಥರಪ್ಪ, ಹೇಳ್ತಾರೆ. ನಿಮ್ಮನೆಗೆ ಅತಿಥಿ ಒಬ್ಬ ಕಲ್ಲಂಗಡಿ ತಂದ ಅಂತಿಟ್ಕೋ. ಹಣ್ಣು ಸಪ್ಪೆ ಅಂತ ಅವನ ಮುಖಕ್ಕೆ ಹೇಳ್ತೀಯಾ?"

ಮೀರಿಮ್ ತನ್ನ ಇಯರ್‌ಫೋನಿನ ಒಂದು ತುದಿಯನ್ನು ಅವನತ್ತ ಚಾಚಿ, ಕುರಿಗಾಹಿಯೊಬ್ಬನ ಧ್ವನಿಸಂದೇಶ ಹಾಕಿದಳು. ಮೊದಲ ಒಂದು ನಿಮಿಷ ಆತ ಆರೋಗ್ಯ ವಿಚಾರಿಸಿದ, ಮನೆಮಂದಿಯನ್ನು ವಿಚಾರಿಸಿದ, ಪಟ್ಟಣದಲ್ಲಿ ಸೆಕೆಯೇ ಎಂದು ಕೇಳಿದ. ಆಮೇಲೆ ಆ್ಯಪ್ ಬಹಳ ಚೆನ್ನಾಗಿದೆ, ಮಾಡಿದ ಕೈಗಳು ನೋಯದಿರಲಿ, ನಿಮ್ಮ ಒಲೆ ಆರದಿರಲಿ ಎಂದು ಮನಸಾರೆ ಹರಸಿದ. ಆಮೇಲೆ ಮೌನ. ದೂರದಲ್ಲೊಂದು ನಾಯಿ ಬೊಗಳಿತು. ಸಮತ್ ಇಯರ್‌ಫೋನ್ ತೆಗೆಯಲು ಹೋದ. ಮೀರಿಮ್ ಬೆರಳೆತ್ತಿ ತಡೆದಳು.

"ಅದೇನೋ ನನ್ನ ತಂಗಿ ಮಗ ಹೇಳ್ತಿದ್ದ," ಎಂದಿತು ಧ್ವನಿ, ಸಂಕೋಚದಿಂದ. "ಬಿಸಿಲಲ್ಲಿ ಪರದೆ ಮೇಲೆ ಏನೂ ಕಾಣಲ್ಲ ಅಂತ. ಅವನ ಕಣ್ಣೇ ಸರಿ ಇಲ್ಲವೇನೋ, ಬಿಡಿ."

ಮೀರಿಮ್ ಹಾಳೆಯಲ್ಲಿ ಬರೆದುಕೊಂಡಳು: ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲ. ಉಳಿದದ್ದನ್ನೆಲ್ಲ ಅಳಿಸಿದಳು.

"ಆಶೀರ್ವಾದ ಮುಗಿದ ಮೇಲೆ ಬರೋದೇ ಮಾತು. ಅದಕ್ಕೂ ಮುಂಚಿನದೆಲ್ಲ ಬುಟ್ಟಿಗೆ."

"ಬರೀ ಆಶೀರ್ವಾದ ಮಾಡಿ ಸುಮ್ಮನಾದ್ರೆ?"

"ಹಾಗಾದ್ರೆ ಅವರಿಗೆ ನೀನು ಬೇಡ. ಮರ್ಯಾದೆಯಿಂದ ಬಾಗಿಲು ತೋರಿಸ್ತಿದ್ದಾರೆ ಅಂತ ತಿಳ್ಕೋ."

ಹುಡುಗ ಚುರುಕು, ಪಾಠವನ್ನು ಬೇಗ ಕಲಿತ. ಮಾರನೆಯ ದಿನ ಅವಳು ಮಾಡಿದ ಉಪ್ಪುಚಹಾ ಕುಡಿದು, ಬಟ್ಟಲನ್ನು ಎದೆಗೆ ಹಿಡಿದು, "ಎಜೆ, ಇಂಥ ಚಹಾ ಇಡೀ ಚೂಯ್ ಕಣಿವೇಲಿ ಸಿಗಲ್ಲ. ನಿಮ್ಮ ಕೈ ನೋಯದಿರಲಿ," ಎಂದ. ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದ. "ನನ್ನ ತಂಗಿ ಮಗ ಹೇಳ್ತಿದ್ದ, ಉಪ್ಪು ಒಂದು ಚೂರು ಜಾಸ್ತಿ ಅಂತ."

ಮೀರಿಮ್ ನಕ್ಕಳು. ನಕ್ಕಮೇಲೆ ತನಗೇ ಗಾಬರಿಯಾಯಿತು. ಅವಳ ಗಂಡ ಕುಬಾತ್ ಹಿಮ ಬಿದ್ದ ಘಟ್ಟದಲ್ಲಿ ಕಾರು ಜಾರಿ ಸತ್ತು ಮೂರು ವರ್ಷವಾಗಿತ್ತು. ಅಂದಿನಿಂದ ಅವಳು ಅತ್ತೆ ಬುರುಲ್ ಅವರ ಮನೆಯಲ್ಲಿ, ಅವರನ್ನು ಅಪಾ, ಅಂದರೆ ಅಮ್ಮ ಎಂದು ಕರೆಯುತ್ತ, ಮಗಳಾಗಿ ಇದ್ದಳು. ನಗು ಎಂಬುದು ಇನ್ನೂ ತನ್ನಲ್ಲಿ ಉಳಿದಿದೆ ಎಂದು ಗೊತ್ತಿರಲಿಲ್ಲ. ಸಮತ್ ಬಟ್ಟಲಿನ ಅಂಚಿನ ಮೇಲಿಂದ ಅವಳನ್ನೇ ನೋಡುತ್ತಿದ್ದ. ಅವಳು ನೋಡಿದ ಕೂಡಲೇ ಕಣ್ಣು ಚಹಾದೊಳಗೆ ಇಳಿಸಿದ.

ಹೀಗೆ ನಡೆಯಿತು ಒಂದು ವಸಂತ. ಒಂದೇ ಇಯರ್‌ಫೋನಿನ ಎರಡು ತುದಿಗಳಲ್ಲಿ ಕೂತು ಯಾರ ಯಾರದೋ ಕುರಿಗಳ ಯೋಗಕ್ಷೇಮ ಕೇಳಿದರು.

*

ಜುಲೈನಲ್ಲಿ ಒಂದು ವಿಚಿತ್ರ ಕಾಣಿಸಿತು. ಕುರಿ ಸತ್ತರೆ ಒತ್ತಲೆಂದು ಆ್ಯಪ್‌ನಲ್ಲಿ ಒಂದು ಕೆಂಪು ಗುಂಡಿಯಿತ್ತು. ಒತ್ತಿದರೆ ಮಾಲೀಕನಿಗೆ ಸುದ್ದಿ ಹೋಗುತ್ತದೆ. ನಾನೂರು ಕುರಿಗಾಹಿಗಳಲ್ಲಿ ಒಬ್ಬರೂ ಅದನ್ನು ಒಂದು ಸಲವೂ ಒತ್ತಿರಲಿಲ್ಲ.

"ಈ ವರ್ಷ ಒಂದು ಕುರೀನೂ ಸತ್ತಿಲ್ಲ," ಎಂದು ಕಂಪನಿಯ ಯಜಮಾನ ಎಲ್ದಾರ್ ಕೈ ಉಜ್ಜಿಕೊಂಡ.

"ತೋಳಗಳು ಉಪವಾಸ ಹಿಡಿದಿರಬೇಕು," ಎಂದಳು ಮೀರಿಮ್.

ಎಲ್ದಾರ್ ಅವಳನ್ನೂ ಸಮತ್‌ನನ್ನೂ ಸೂಸಾಮಿರ್ ಬೆಟ್ಟಕ್ಕೆ ಕಳಿಸಿದ. ಅಲ್ಲಿ ಝುಮಾಲಿ ಅತಾ ಎಂಬ ಮುದುಕನ ಉಣ್ಣೆಗುಡಾರದಲ್ಲಿ ಕೂತು ಮೊದಲ ಬಟ್ಟಲು ಚಹಾಕ್ಕೆ ಹೊಗಳಿಕೆ ಕೇಳಿದರು, ಎರಡನೆಯದಕ್ಕೆ ಆಶೀರ್ವಾದ ಕೇಳಿದರು. ಮೂರನೆಯ ಬಟ್ಟಲಿಗೆ ಝುಮಾಲಿ ಅತಾ ಗಡ್ಡ ಸವರಿಕೊಂಡು, "ನನ್ನ ತಂಗಿ ಮಗ ಹೇಳ್ತಿದ್ದ..." ಎಂದು ಶುರುಮಾಡಿದ. ಸಮತ್ ತುಟಿ ಕಚ್ಚಿ ಕಂಬಳಿಯ ಚಿತ್ತಾರ ನೋಡತೊಡಗಿದ. ಮೀರಿಮ್ ಅವನತ್ತ ತಿರುಗಲೇ ಇಲ್ಲ, ತಿರುಗಿದ್ದರೆ ಇಬ್ಬರ ಮಾನವೂ ಹೋಗುತ್ತಿತ್ತು.

"ಸಾವಿನ ಸುದ್ದೀನ ಹಾಗೆ ಗುಂಡಿ ಒತ್ತಿ ಹೇಳ್ತಾರೇನಮ್ಮ?" ಎಂದ ಮುದುಕ. "ಆ ಮನುಷ್ಯ ಊಟಕ್ಕೆ ಕೂತಿರ್ತಾನೋ ಏನೋ. ಫೋನು ಟಿಣ್ ಅನ್ನುತ್ತೆ, ಕುರಿ ಸತ್ತಿದೆ. ಹಾಗೆಲ್ಲಾ ಮಾಡಬಾರದು. ಒಬ್ಬ ಹೋಗ್ಬೇಕು. ಹುಲ್ಲು ಹೇಗಿದೆ, ಮಳೆ ಹೇಗಿದೆ ಅಂತ ಮಾತಾಡ್ಬೇಕು. ಆಮೇಲೆ ಮೆಲ್ಲಗೆ ಇಳಿಸ್ಬೇಕು."

ಬರೆಯುತ್ತಿದ್ದ ಮೀರಿಮ್ ಕೈ ನಿಂತಿತು. ಕುಬಾತ್‌ನ ಸಾವಿನ ಸುದ್ದಿ ತಂದ ಹಿರಿಯರು ಅರ್ಧ ಗಂಟೆ ಒಣಹುಲ್ಲಿನ ಬೆಲೆ ಮಾತಾಡಿದ್ದರು. ಅವಳಿಗೆ ಹುಲ್ಲಿನಲ್ಲೇ ಗೊತ್ತಾಗಿಹೋಗಿತ್ತು. ಸಮತ್ ಅವಳ ಕೈಯಿಂದ ಪೆನ್ನು ತೆಗೆದುಕೊಂಡು ಮುಂದಿನದನ್ನು ತಾನೇ ಬರೆದ.

ಮುದುಕನ ಹೆಂಡತಿ ಕರಿದ ರೊಟ್ಟಿತುಂಡುಗಳನ್ನು ಅವರ ಮುಂದೆ ಸುರಿಯುತ್ತ, "ನಿನ್ನ ಹೆಂಡತೀನಾ ಮಗಾ?" ಎಂದು ಕೇಳಿದಳು.

"ಇನ್ನೂ ಇಲ್ಲ, ಅಪಾ," ಎಂದ ಸಮತ್.

ಹಿಂದಿರುಗುವಾಗ ಹಳ್ಳದ ಬಳಿ ಮೀರಿಮ್ ಕಾರು ನಿಲ್ಲಿಸಲು ಹೇಳಿದಳು. ಮುಖ ತೊಳೆದುಕೊಂಡು, ನೀರು ತೊಟ್ಟಿಕ್ಕುವ ಮುಖದಲ್ಲೇ ಕೇಳಿದಳು: "ಆ 'ಇನ್ನೂ' ಅನ್ನೋದು ಎಲ್ಲಿಂದ ಬಂತು?"

"ಮೂರನೇ ಬಟ್ಟಲು ಆಗಿತ್ತಲ್ಲ, ನಿಜ ಬಂದುಬಿಡ್ತು."

"ತಮಾಷೆ ಬೇಡ ಸಮತ್. ನಾನು ನಿನಗೆ ಅಕ್ಕ."

"ಇಷ್ಟು ದಿನ ಕರೀತಿದ್ದೆ. ಇನ್ನು ಕರಿಯಲ್ಲ." ಅವನ ಕಿವಿ ಕೆಂಪಗಾಗಿತ್ತು, ಆದರೂ ಕಣ್ಣು ತಪ್ಪಿಸಲಿಲ್ಲ. "ಮೀರಿಮ್, ನಮ್ಮೂರು ನರೀನ್‌ನಲ್ಲಿ ಅಮ್ಮ ಒಂದು ಹುಡುಗೀನ ನೋಡಿಟ್ಟಿದ್ದಾಳೆ. ಮಂದೆಗಳು ಬೆಟ್ಟ ಇಳಿದ ಮೇಲೆ ಹೋಗಿ ಆ ಹುಡುಗಿ ಕಿವಿಗೆ ಓಲೆ ಹಾಕಿ, ಮದುವೆ ನಿಶ್ಚಯ ಮಾಡಿ ಬರ್ತೀನಿ ಅಂತಾಳೆ. ಅಷ್ಟರೊಳಗೆ ನನ್ನ ಮಾತು ಹೇಳ್ತೀನಿ ಅಂದಿದ್ದೀನಿ. ಓಲೆ ಬಿದ್ದ ಮೇಲೆ ಯಾರ ಮಾತೂ ನಡಿಯಲ್ಲ, ನಿನಗೆ ಗೊತ್ತು. ನೀನು ಹೂಂ ಅಂದ್ರೆ ನಾನು ಅಮ್ಮನ ಕಾಲು ಹಿಡ್ಕೋತೀನಿ, ಜಗಳ ಆಡ್ತೀನಿ, ಏನು ಬೇಕಾದ್ರೂ ಮಾಡ್ತೀನಿ."

ಅವಳಿಗೆ ಆಗಲೇ ಹೂಂ ಅನ್ನಬೇಕೆನಿಸಿತು. ನಿಜವಾಗಿ ಅನ್ನಿಸಿತು. ಆದರೆ, "ಬುರುಲ್ ಅಪಾನ ಕೇಳ್ಬೇಕು," ಎಂದಳು. "ಆ ಮನೆಗೆ ಸೊಸೆಯಾಗಿ ಬಂದೋಳು ನಾನು. ಆ ಮನೆಯ ಬಾಯಿಂದಲೇ ಹೋಗು ಅನ್ನಿಸ್ಕೊಂಡು ಹೊರಡ್ಬೇಕು."

"ಕೇಳು. ಕಾಯ್ತೀನಿ."

*

ಬುರುಲ್ ಅಪಾ ಇಪ್ಪತ್ತೆಂಟು ವರ್ಷ ಟ್ರಾಲಿಬಸ್ ಓಡಿಸಿ ನಿವೃತ್ತಿಯಾದವರು. ಮಾತೂ ಹಾಗೇ, ತಿರುವುಗಳಿಲ್ಲದ ನೇರ ಮಾತು. ಮೀರಿಮ್ ವಿಷಯ ಎತ್ತಿದಾಗ ಅವರು ಅಡುಗೆಮನೆಯಲ್ಲಿ ಶ್ಯಾವಿಗೆಗೆಂದು ಹಿಟ್ಟು ಲಟ್ಟಿಸುತ್ತಿದ್ದರು.

"ಹೋಗು ಮಗಳೇ," ಎಂದರು. "ಒಳ್ಳೇ ಹುಡುಗನ ಹಾಗೆ ಕಾಣ್ತಾನೆ. ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ."

ಲಟ್ಟಣಿಗೆ ನಿಲ್ಲಲಿಲ್ಲ. ತಲೆ ಮೇಲೇಳಲಿಲ್ಲ. ಮೀರಿಮ್ ಬಾಗಿಲಿಗೆ ಒರಗಿ ಕಾದಳು. ಆಶೀರ್ವಾದ ಬಂತು, ಇನ್ನು ಮಾತು ಬರಬೇಕು. ಮಾತು ಬರಲಿಲ್ಲ.

ಅಲ್ಲಿಂದ ಅವಳ ಕೇಡುಗಾಲ ಶುರುವಾಯಿತು. ಅಪಾ ಬೇಗ ಹೇಳಿಬಿಟ್ಟರಲ್ಲ, ಯೋಚಿಸಿ ಹೇಳಿದ್ದರೆ ಬೇರೆ ಇತ್ತು. ಕಣ್ಣಲ್ಲಿ ಕಣ್ಣಿಟ್ಟು ಹೇಳಲಿಲ್ಲವಲ್ಲ. ಮಗ ಸತ್ತ ಮನೆಯಲ್ಲಿ ಉಳಿದದ್ದು ತಾನೊಬ್ಬಳು, ತಾನೂ ಹೊರಟರೆ ಯಾವ ತಾಯಿಗೆ ಸಂತೋಷವಾದೀತು. ಕಸುಬು ಮನುಷ್ಯನ ಕಿವಿಯನ್ನು ಹೇಗೆ ತಿರುಚುತ್ತದೆ ನೋಡಿ. ನೂರಾರು ಕುರಿಗಾಹಿಗಳ ಮನಸ್ಸನ್ನು ಬಗೆದು ನೋಡಿದವಳಿಗೆ ಮನೆಯವರ ಒಂದು ಸರಳ ಮಾತು ನಂಬಲಾಗಲಿಲ್ಲ. ಆಗಸ್ಟ್ ಪೂರ್ತಿ ಅವಳು ಮತ್ತೆರಡು ಸಲ ಕೇಳಿದಳು. ಒಮ್ಮೆ, "ಹೋಗು ಅಂದ್ನಲ್ಲ," ಎಂದರು ಅಪಾ. ಇನ್ನೊಮ್ಮೆ, "ಎಷ್ಟು ಸಲ ಕೇಳ್ತೀಯ, ನನ್ನ ಮಾತು ಅಷ್ಟು ಅಗ್ಗವಾ?" ಎಂದು ರೇಗಿದರು. ಆ ರೇಗುವಿಕೆಯಲ್ಲಿ ಮೀರಿಮ್‌ಗೆ ತನಗೆ ಬೇಕಾದ ಸಾಕ್ಷಿ ಸಿಕ್ಕಿತು.

ಆಗಸ್ಟ್ ಕೊನೆಯ ಶುಕ್ರವಾರ ಸಮತ್ ಕಾರ್ಖಾನೆಯ ಅಂಗಳದಲ್ಲಿ ಅವಳನ್ನು ತಡೆದು ನಿಲ್ಲಿಸಿದ.

"ಅಪಾ ಏನಂದ್ರು?"

"ಹೋಗು ಅಂದ್ರು. ಆದ್ರೆ ಅದು ಮನಸ್ಸಿನಿಂದ ಬಂದ ಮಾತಲ್ಲ, ಸಮತ್."

"ಅಪಾದು ಬಿಡು. ನಿನ್ನ ಮನಸ್ಸಲ್ಲಿ ಏನಿದೆ?"

ಈ ಚಳಿಗಾಲ ಕಳೆಯಲಿ, ಒಂದೇ ಒಂದು ಚಳಿಗಾಲ ನನಗಾಗಿ ಕಾಯಿ ಎಂದು ಹೇಳಬೇಕೆಂದೇ ಅವಳು ಬಾಯಿ ತೆರೆದಳು. ಆದರೆ ವಿಧವೆ, ಎರಡು ವರ್ಷ ದೊಡ್ಡವಳು, ಮದುವೆಯಾಗದ ಹುಡುಗನನ್ನು ನನಗಾಗಿ ಕಾಯಿ ಎಂದು ಯಾವ ಮುಖದಿಂದ ಕೇಳುವುದು? ಅವನ ಬದುಕನ್ನು ಕಟ್ಟಿಹಾಕಲು ತಾನು ಯಾರು? ನಾಚಿಕೆಯಾಯಿತು. ಎದೆ ತುಂಬಿ ಬಂದ ಪ್ರೀತಿಗೆ ಬೇರೆ ದಾರಿ ಸಿಗದೆ ಅದು ಆಶೀರ್ವಾದವಾಗಿ ಹೊರಬಂತು.

"ನೀನು ತುಂಬಾ ಒಳ್ಳೆಯವನು. ನಿನ್ನ ದಾರಿ ಬೆಳ್ಳಗಿರಲಿ, ಸಮತ್. ನಿನ್ನ ಮನೆ ತುಂಬಿರಲಿ."

ಸಮತ್ ಕಾದ. ಪೂರಾ ಒಂದು ನಿಮಿಷ, ಅವಳೇ ಕಲಿಸಿದ ಹಾಗೆ, ಆಶೀರ್ವಾದದ ಆಚೆಗಿನ ಮಾತಿಗೆ ಕಾದ. ಪಾಪ್ಲರ್ ಮರದ ಎಲೆ ಅವಳ ಭುಜದ ಮೇಲೆ ಬಿತ್ತು. ಅದನ್ನು ತೆಗೆಯಲು ಕೈ ಎತ್ತಿದವನು ಹಾಗೇ ಇಳಿಸಿದ.

"ನಿನ್ನ ತಂಗಿ ಮಗ ಏನೂ ಹೇಳ್ತಿರಲಿಲ್ವಾ?" ಎಂದು ನಗಲು ನೋಡಿದ.

ಬಾಯಿ ತೆರೆದರೆ ಅಳು ಬರುತ್ತಿತ್ತು. ಅವಳು ಇಲ್ಲವೆಂದು ತಲೆಯಾಡಿಸಿದಳು.

"ಸರಿ," ಎಂದ ಸಮತ್. "ಸರಿ, ಎಜೆ."

ಅವನು ಕಾಯುತ್ತಾನೆ ಎಂದೇ ಅವಳು ತಿಳಿದಳು. ಹರಸಿದ್ದರಲ್ಲಿ ತನ್ನ ಮನಸ್ಸೆಲ್ಲ ಇತ್ತು, ಅದು ಅವನಿಗೆ ಕೇಳಿಸದೆ ಇದ್ದೀತೇ ಎಂಬ ಧೈರ್ಯ. ಎಜೆ ಎಂದದ್ದು ಮುನಿಸಿನಿಂದ ಎಂದುಕೊಂಡಳು.

*

ಸೆಪ್ಟೆಂಬರ್ ಮೂರನೆಯ ವಾರ ಮಂದೆಗಳು ಬೆಟ್ಟ ಇಳಿದವು. ಸಮತ್ ಒಂದು ವಾರ ರಜೆ ಹಾಕಿ ಊರಿಗೆ ಹೋದ. ಐದನೆಯ ದಿನ ಎಲ್ದಾರ್ ತಾನೇ ಚಹಾ ಮಾಡಿಕೊಂಡು ಮೀರಿಮ್ ಮೇಜಿನ ಬಳಿಗೆ ಬಂದು ಕೂತ. ಹೀಗೆ ಅವನು ಎಂದೂ ಬಂದವನಲ್ಲ.

"ಅಪಾ ಆರೋಗ್ಯ ಹೇಗಿದೆ?" ಎಂದ. "ಮಂಡಿ ನೋವು ಕಡಿಮೆಯಾಯ್ತಾ? ನರೀನ್ ಕಡೆ ಆಗಲೇ ಚಳಿ ಶುರುವಂತೆ. ಈ ಸಲ ಹುಲ್ಲು ಚೆನ್ನಾಗಿತ್ತು, ಅಲ್ವಾ?"

ಹುಲ್ಲು ಎಂದ ಕೂಡಲೇ ಮೀರಿಮ್ ಬಟ್ಟಲು ಕೆಳಗಿಟ್ಟಳು. "ಯಾರು ಸತ್ತರು, ಹೇಳಿಬಿಡು ಎಲ್ದಾರ್."

"ಅಯ್ಯೋ, ಯಾರೂ ಸತ್ತಿಲ್ಲ." ಅವನು ತಲೆ ತಗ್ಗಿಸಿದ. "ಸಮತ್ ಅಮ್ಮ ಮೊನ್ನೆ ಓಲೆ ಹಾಕಿ ಬಂದ್ರಂತೆ. ಹುಡುಗಿ ಸ್ಕೂಲ್ ಟೀಚರ್. ನಿನಗೆ ನಾವೇ ಹೇಳೋದು ಒಳ್ಳೇದು ಅನ್ನಿಸ್ತು."

ಅವಳು, "ಒಳ್ಳೇದಾಯ್ತು," ಎಂದಳು. ಸಂಜೆಯವರೆಗೆ ಕೂತು ಇಪ್ಪತ್ತಾರು ಧ್ವನಿಸಂದೇಶ ಕೇಳಿದಳು. ಒಂದರಿಂದಲೂ ಒಂದು ಸಾಲು ಬರೆದುಕೊಳ್ಳಲಾಗಲಿಲ್ಲ.

ಮನೆಗೆ ಬಂದಾಗ ಬುರುಲ್ ಅಪಾ ಅವಳ ಮುಖ ನೋಡಿಯೇ ಒಲೆ ಆರಿಸಿದರು. ಎಲ್ಲವನ್ನೂ ಕೇಳಿಸಿಕೊಂಡರು.

"ಹೋಗು ಅಂತ ಮೂರು ಸಲ ಹೇಳಿದ್ನಲ್ಲೇ," ಎಂದರು ಕೊನೆಗೆ.

"ನೀವು ತಲೆ ಎತ್ತಲಿಲ್ಲ, ಅಪಾ. ನಿಮಗೆ ನೋವಾಗಿದೆ ಅಂದ್ಕೊಂಡೆ."

"ತಲೆ ಎತ್ತಿದ್ರೆ ಅಳು ಬರ್ತಿತ್ತು. ನೀನು ಅಳು ನೋಡಿ ನಿಂತುಬಿಡ್ತೀಯ ಅಂತ ಹಿಟ್ಟು ನೋಡ್ಕೊಂಡು ಹೇಳ್ದೆ. ನೋವು ಆಗದೆ ಇರುತ್ತಾ? ಆಯ್ತು. ಸಂತೋಷಾನೂ ಆಯ್ತು. ಎರಡೂ ನಿಜ." ಅಪಾ ಎದ್ದು ಪೆಟ್ಟಿಗೆಯಿಂದ ಒಂದು ಬಿಳಿ ರೇಷ್ಮೆ ಶಿರವಸ್ತ್ರ ತಂದು ಅವಳ ಮಡಿಲಿಗೆ ಹಾಕಿದರು. ಮದುಮಗಳ ತಲೆಗೆ ಹೊದಿಸುವಂಥದ್ದು, ಅಂಗಡಿಯ ಮಡಿಕೆ ಇನ್ನೂ ಬಿಚ್ಚಿರಲಿಲ್ಲ. "ನೀನು ಕೇಳಿದ ಮಾರನೇ ದಿನವೇ ಹೋಗಿ ತಂದೆ. ನಿನ್ನನ್ನ ನಾನೇ ಹೊದಿಸಿ ಕಳಿಸ್ಬೇಕು ಅಂತ. ನಾನು ಹೇಳಿದ್ದೇ ನನ್ನ ಮಾತಾಗಿತ್ತು, ಮಗಳೇ. ಅದರ ಹಿಂದೆ ಇನ್ನೇನು ಹುಡುಕ್ತಿದ್ದೆ?"



*

ಸೋಮವಾರ ಸಮತ್ ಬಂದ, ಕೆಲಸ ಬಿಡುವ ಪತ್ರ ಹಿಡಿದು. ನರೀನ್‌ನಲ್ಲೇ ಏನಾದರೂ ನೋಡಿಕೊಳ್ಳುತ್ತಾನಂತೆ. ಮೀರಿಮ್ ಅವನನ್ನು ಅಂಗಳಕ್ಕೆ ಕರೆದಳು.

"ನಾನು ಹರಸಿದೆ," ಎಂದಳು. "ನೀನು ಬೇಡ ಅಂತ ಕೇಳಿಸ್ಕೊಂಡ್ಯಾ?"

"ನೀನೇ ಅಲ್ವಾ ಕಲಿಸಿದ್ದು? ಬರೀ ಆಶೀರ್ವಾದ ಬಂದ್ರೆ ಬಾಗಿಲು ತೋರಿಸ್ತಿದ್ದಾರೆ ಅಂತ. ಒಂದು ನಿಮಿಷ ಕಾದೆ, ಮೀರಿಮ್. ಒಂದು ಮಾತು, ಅರ್ಧ ಮಾತು ಬರುತ್ತೇನೋ ಅಂತ."

"ಒಂದು ಚಳಿಗಾಲ ಕಾಯಿ ಅನ್ಬೇಕಿತ್ತು. ನಾಚಿಕೆ ಆಯ್ತು. ಕುರಿಗಾಹಿಗಳ ಆಶೀರ್ವಾದ ಮರ್ಯಾದೆಯ ಮಾತು. ನಾನು ಹರಸಿದ್ದು ಹಾಗಲ್ಲ, ನನ್ನ ಹತ್ತಿರ ಇದ್ದದ್ದೆಲ್ಲ ಅದೇ ಆಗಿತ್ತು."

ಸಮತ್ ಬಿಳಿಚಿಕೊಂಡ. ಜೇಬಿನಿಂದ ಫೋನ್ ತೆಗೆದ. "ಈಗಲೇ ಅಮ್ಮನಿಗೆ ಹೇಳ್ತೀನಿ. ಓಲೆ ವಾಪಸ್ ತಗೊಳ್ಳಲಿ. ಬೈದ್ರೆ ಬೈಲಿ, ಮನೆಯಿಂದ ಹಾಕಿದ್ರೆ ಹಾಕ್ಲಿ."

ಮೀರಿಮ್ ಅವನ ಮಣಿಕಟ್ಟು ಹಿಡಿದಳು. ಮೊದಲ ಸಲ ಮುಟ್ಟಿದ್ದು ಅದು. ಬಿಡಬೇಕೆಂದು ಕೈಗೆ ಹೇಳಿದಳು, ಕೈ ಕೇಳಲಿಲ್ಲ.

"ಹುಡುಗಿ ಹೆಸರೇನು?"

"ನಾಜಿಕ್."

"ಎಷ್ಟು ವಯಸ್ಸು?"

"ಇಪ್ಪತ್ತೊಂದು."

"ಓಲೆ ಹಾಕಿದಾಗ ನಕ್ಕಳಾ?"

ಸಮತ್ ನೆಲ ನೋಡಿದ.

"ನಕ್ಕಳು," ಎಂದ.

"ಹಾಗಾದ್ರೆ ಫೋನ್ ಜೇಬಲ್ಲಿಡು." ಅವಳ ದನಿ ನಡುಗಲಿಲ್ಲ, ಅದೇ ಆಶ್ಚರ್ಯ. "ಓಲೆ ತೆಗೆದ್ರೆ ನಿನ್ನನ್ನ ಯಾರೂ ಏನೂ ಅನ್ನಲ್ಲ. ಹುಡುಗಿಯಲ್ಲಿ ಏನು ಐಬಿತ್ತು ಅಂತ ಊರೆಲ್ಲ ಕೇಳುತ್ತೆ. ಬದುಕಿರೋವರೆಗೂ ಕೇಳುತ್ತೆ. ಕಿವಿ ಇದ್ದೂ ಕೇಳಿಸ್ಕೊಳ್ಳದೆ ಹೋದೋರು ನಾವು. ಅವಳೇನು ಮಾಡಿದ್ದಾಳೆ?"

"ಮತ್ತೆ ಇದನ್ನೆಲ್ಲ ನನಗೆ ಯಾಕೆ ಹೇಳ್ದೆ? ಗೊತ್ತಾಗದೇ ಇದ್ದಿದ್ರೆ ಹೇಗೋ ಬದುಕ್ತಿದ್ದೆ."

"ನಾನು ಯಾರಿಗೂ ಬೇಡದೋನು ಅಂದ್ಕೊಂಡು ನೀನು ಮದುವೆಗೆ ಕೂರೋದು ನನಗೆ ತಡ್ಕೊಳ್ಳೋಕಾಗಲ್ಲ." ಈಗ ದನಿ ನಡುಗಿತು. "ನೀನು ನನಗೆ ಬೇಕಾಗಿದ್ದೆ, ಸಮತ್. ಈಗಲೂ ಬೇಕು. ಇದರಲ್ಲಿ ಏನನ್ನೂ ಸೋಸಬೇಡ, ಹೇಳಿದ ಹಾಗೇ ಕೇಳ್ಕೋ. ಆಮೇಲೆ ಹೋಗಿ ಅವಳನ್ನ ಚೆನ್ನಾಗಿ ನೋಡ್ಕೋ."

ಅವನು ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡು ಹಣೆಗೆ ಒತ್ತಿಕೊಂಡ. ಹಣೆ ಸುಡುತ್ತಿತ್ತು. ಆಮೇಲೆ ಪತ್ರ ಕೊಡಲೆಂದು ಮೆಟ್ಟಿಲು ಹತ್ತಿ ಹೋದ. ಮೂರನೆಯ ಮಹಡಿಯ ಬಾಗಿಲು ಮುಚ್ಚಿದ ಸದ್ದು ಕೇಳುವವರೆಗೆ ಅವಳು ಅಲ್ಲೇ ನಿಂತಿದ್ದಳು.

ಗೇಟಿನಾಚೆಯ ಬಸ್ ನಿಲ್ದಾಣದಲ್ಲಿ ಬುರುಲ್ ಅಪಾ ಕೂತಿದ್ದರು, ಮಡಿಲಲ್ಲಿ ಖಾಲಿ ಕೈಚೀಲ.

"ಇಲ್ಲಿಗ್ಯಾಕೆ ಬಂದ್ರಿ, ಅಪಾ?"

"ಈರುಳ್ಳಿ ತಗೊಳ್ಳೋಣ ಅಂತ," ಎಂದರು ಅಪಾ. ಈರುಳ್ಳಿ ಮನೆಯ ಕೆಳಗಿನ ಅಂಗಡಿಯಲ್ಲೇ ಸಿಗುತ್ತದೆ.

ಮೀರಿಮ್ ಅವರ ಪಕ್ಕ ಕೂತಳು. ಕುಬಾತ್ ಸತ್ತಾಗ ಅವಳನ್ನು ಶೋಕಕ್ಕೆಂದು ಹಾಕಿದ ಗುಡಾರದಲ್ಲಿ ಗೋಡೆಗೆ ಮುಖ ಮಾಡಿ ಕೂರಿಸಿ, ಬಂದವರಿಗೆಲ್ಲ ಕೇಳುವಂತೆ ಹಾಡಿಕೊಂಡು ಅಳಲು ಹೇಳಿದ್ದರು. ಯಾವಾಗ ದನಿ ಎತ್ತಬೇಕು, ಯಾವಾಗ ನಿಲ್ಲಿಸಬೇಕು ಎಂದು ಹಿರಿಯ ಹೆಂಗಸರು ಹೇಳಿಕೊಡುತ್ತಿದ್ದರು. ಇವತ್ತಿನ ಅಳುವಿಗೆ ಅಂಥ ಪದ್ಧತಿ ಯಾವುದೂ ಇರಲಿಲ್ಲ. ಯಾರೂ ಸತ್ತಿರಲಿಲ್ಲ. ಅವಳು ಹಾಡಹಗಲು, ಬಸ್ಸಿಗೆ ಕಾಯುವ ಜನರ ಮಧ್ಯೆ, ಬಾಯಿ ಬಿಟ್ಟು ಅತ್ತಳು.

ಬಸ್ಸು ಬಂದು ನಿಂತಿತು. ಹತ್ತುವವರು ಒಂದು ಕಾಲು ಮೇಲಿಟ್ಟು ತಿರುಗಿ ನೋಡಿದರು.

"ಏನ್ ನೋಡ್ತೀರಿ? ಹತ್ತೋರು ಹತ್ತಿ," ಎಂದು ಬುರುಲ್ ಅಪಾ ಗದರಿಸಿ, ಸೊಸೆಯ ತಲೆಯನ್ನು ತಮ್ಮ ಭುಜಕ್ಕೆ ಎಳೆದುಕೊಂಡರು. "ನೀನು ಅಳು. ನಮಗೇನೂ ಅವಸರ ಇಲ್ಲ."

ಆ ಬಸ್ಸು ಹೋಯಿತು. ಅದರ ಹಿಂದಿನದೂ ಬಂದು, ಸ್ವಲ್ಪ ಹೊತ್ತು ಬಾಗಿಲು ತೆರೆದುಕೊಂಡು ನಿಂತು, ಹೊರಟುಹೋಯಿತು.